ಡ್ರೆಡ್‌ನಾಟ್ ಕೋಟಿನ ವಯಸ್ಸು

ನಮ್ಮ ನಿಘಂಟು ಕಚೇರಿಯಲ್ಲಿ ಚೀಟಿಯೇ ದೇವರು. ಪದ ಎಲ್ಲಿ, ಯಾವ ವರ್ಷ ಅಚ್ಚಾಗಿತ್ತು ಎಂಬ ಚೀಟಿ ಇಲ್ಲದಿದ್ದರೆ ನೀವು ತಲೆಕೆಳಗಾಗಿ ನಿಂತರೂ ಯಜಮಾನರು, ಅಂದರೆ ನಮ್ಮ ಪ್ರಧಾನ ಸಂಪಾದಕರು, ಒಪ್ಪುವುದಿಲ್ಲ. ಏಳು ವರ್ಷ ಕರಡು ತಿದ್ದಿದ ಮೇಲೆ ನನ್ನ ಸ್ವಂತ ಸಹಿಯ ಮೊದಲ ಪದ ಸಿಕ್ಕಿತ್ತು: ಡ್ರೆಡ್‌ನಾಟ್. ಯಾವುದಕ್ಕೂ ಹೆದರದ್ದು ಎಂದು ಮೂಲಾರ್ಥ. ಆ ಹೆಸರಿನ ಹಡಗುಗಳು ಹಿಂದೆಯೂ ಇದ್ದವು. ೧೯೦೬ರಲ್ಲಿ ನೀರಿಗಿಳಿದ ಒಂದರಿಂದಾಗಿ ಉಕ್ಕಿನ ಕವಚದ ದೊಡ್ಡ ಯುದ್ಧನೌಕೆಗಳಿಗೆಲ್ಲ ಅದೇ ಹೆಸರಾಯಿತು. ದಪ್ಪ ಉಣ್ಣೆಯ ಕೋಟಿಗೂ ಅದೇ ಹೆಸರು.

ಕೋಟಿನ ಅರ್ಥವೇ ಮೊದಲು, ಯುದ್ಧನೌಕೆಯದು ಆಮೇಲೆ ಎಂದು ಬರೆದೆ. ಯಜಮಾನರು ಹೊಡೆದುಹಾಕಿದರು.

“ಏನಮ್ಮ ಇದು? ಕೋಟಿಗೆ ಹೆಸರು ಬಂದಿದ್ದು ಯುದ್ಧನೌಕೆಯಿಂದ. ಚೀಟಿ ನೋಡು, ೧೯೩೬.”

“ಅದು ಇಂಗ್ಲಿಷ್ ಪತ್ರಿಕೆಯ ಜಾಹೀರಾತು ಸಾರ್. ಟಪಾಲಿನ ಕುದುರೆಗಾಡಿ ಓಡಿಸೋರಿಗೆ ಅಂತ ಬರೆದಿದೆ. ೧೯೩೬ರಲ್ಲಿ ಅಲ್ಲಿ ಟಪಾಲು ರೈಲಲ್ಲಿ ಹೋಗ್ತಿತ್ತಲ್ಲ, ಕುದುರೆಗಾಡಿ ಎಲ್ಲಿಂದ ಬಂತು?”

“ವಾದ ಬೇಡ. ಮೂರು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ತೋರಿಸು. ಇಲ್ಲಾಂದ್ರೆ ಸಹಿ ತೆಗೀತೀನಿ, ಮತ್ತೆ ಕರಡಿನ ಮೇಜಿಗೆ ಹೋಗು.”

ಮೈಯೆಲ್ಲ ಉರಿದುಹೋಯಿತು. ಅಳು ಬಂತು, ನುಂಗಿಕೊಂಡೆ. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಉಳಿದದ್ದೆಲ್ಲ ಶಾಯಿ, ಒಂಬತ್ತು ಮಾತ್ರ ಪೆನ್ಸಿಲ್ಲು! ಅಡಿಯಲ್ಲಿ ಯಾರೋ ಕೆರೆದು ತೆಗೆದ ಎಂಟು. ಅಬ್ಬಾ, ಎಂಥ ಕಿತಾಪತಿ!

ಕೆಳಗಿನ ಉಗ್ರಾಣಕ್ಕೆ ಓಡಿದೆ. ಏಣಿ ಹತ್ತಿ ಅದೇ ಇಂಗ್ಲಿಷ್ ಪತ್ರಿಕೆಯ ೧೮೩೬ರ ಕಟ್ಟು ಇಳಿಸಿದೆ. ಧೂಳಿಗೆ ಸೀನಿ ಸೀನಿ ಸಾಕಾಯಿತು. ಚೀಟಿಯಲ್ಲಿದ್ದ ತಿಂಗಳು, ಅದೇ ಪುಟ, ಅದೇ ಮೂಲೆ. ಮಳೆಗಾಳಿಗೆ ಅಂಜದ ಡ್ರೆಡ್‌ನಾಟ್ ಕೋಟು! ಸಿಕ್ಕೇಬಿಟ್ಟಿತು! ಅಲ್ಲೇ ಒಬ್ಬಳೇ ಕುಣಿದಾಡಿದೆ.

ಮೂರಕ್ಕೆ ಹತ್ತು ನಿಮಿಷವಿತ್ತು. ಕಟ್ಟನ್ನು ಯಜಮಾನರ ಮೇಜಿನ ಮೇಲೆ ಧೊಪ್ಪೆಂದು ಇಳಿಸಿ, ಪಕ್ಕದಲ್ಲಿ ಚೀಟಿ ಇಟ್ಟೆ. ಅವರು ಜಾಹೀರಾತು ಓದಿದರು. ಪೆನ್ಸಿಲ್ಲಿನ ಒಂಬತ್ತನ್ನು ನೋಡಿದರು. ಮುಖ ಕೆಂಪಾಯಿತು.

“ಇದು ನನ್ನ ಕೈಬರಹ ಕಣಮ್ಮ. ಕೆಲಸಕ್ಕೆ ಸೇರಿದ ಹೊಸದು. ಯುದ್ಧನೌಕೆಗಿಂತ ಮುಂಚೆ ಕೋಟು ಹೇಗಿರುತ್ತೆ, ಬರೆದೋರು ತಪ್ಪಿರ್ಬೇಕು ಅಂತ ತಿದ್ದಿಬಿಟ್ಟೆ.”

“ಪತ್ರಿಕೆ ನೋಡ್ದೇನೇ?”

“ನೋಡ್ದೇನೇ.”

ಚೀಟಿ ಇಲ್ಲದೆ ಒಂದು ಅಕ್ಷರ ಒಪ್ಪದ ಮನುಷ್ಯ! ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕುಬಿಟ್ಟರು, ಅಚ್ಚುಕೂಟಕ್ಕೆ ಫೋನು ಮಾಡಿದರು.

“ಮೂರು ಗಂಟೆ ಪುಟ ಸ್ವಲ್ಪ ತಡೀರಿ. ಕೋಟು ಒಂದನೇ ಅರ್ಥ, ಹಡಗು ಎರಡನೇದು. ತಪ್ಪು ನಂದು, ಸಹಿ ಇವರದ್ದು.”

ಅವರು ಫೋನಿಡುವ ಮೊದಲೇ ಅವರ ಪೆನ್ನು ಕಿತ್ತುಕೊಂಡು, ಪುಟದ ಅಂಚು ದಾಟುವಷ್ಟು ದೊಡ್ಡದಾಗಿ ಸಹಿ ಹಾಕಿದೆ.