ವಠಾರದ ಸಕ್ಕರೆ ಪಂದ್ಯ

ಘಾನಾ ದೇಶದ ಕುಮಾಸಿಯ ನಮ್ಮ ವಠಾರದಲ್ಲಿ ಸಕ್ಕರೆ ಕಾಯಿಲೆಯ ಹೆಂಗಸರು ನಾಲ್ವರು, ರಕ್ತ ನೋಡುವ ಮಷಿನ್ ಮಾತ್ರ ಒಂದೇ. ಬೆಳಿಗ್ಗೆ ಗಂಜಿ ಕುಡಿಯುವ ಮುಂಚೆ ನಾಲ್ವರೂ ಅಂಗಳದಲ್ಲಿ ಕುಳಿತು, ತಮ್ಮ ತಮ್ಮ ಸೂಜಿಯಿಂದ ಬೆರಳು ಚುಚ್ಚಿಕೊಳ್ಳುತ್ತಿದ್ದರು. ಬರಬರುತ್ತ ಅದು ಪಂದ್ಯವೇ ಆಗಿಹೋಯಿತು. ನಮ್ಮ ಮಷಿನ್ನಿನ ಲೆಕ್ಕದಲ್ಲಿ ಏಳು ಅಂದರೆ ಬೇರೆ ಕಡೆಯ ನೂರಿಪ್ಪತ್ತಾರು; ಅದು ದಾಟಿದರೆ ಸೋಲು. ಎಲ್ಲರಿಗಿಂತ ಕಡಿಮೆ ಬಂದವಳು ಉಳಿದವರನ್ನು ದಿನವಿಡೀ ಆಡಿಕೊಳ್ಳಬಹುದು. ಇತ್ತೀಚೆಗೆ ಗೆಲ್ಲುತ್ತಿದ್ದವಳು ನನ್ನ ಅಕ್ಕ ನ್ಯಾರ್ಕೊವಾ. ಐದು, ಬಹಳವೆಂದರೆ ಐದೂವರೆ. ಸೋಲುತ್ತಿದ್ದವಳು ಎದುರು ಕೋಣೆಯ ದುಫಿ, ಒಂಬತ್ತಕ್ಕೆ ಅಂಟಿಕೊಂಡವಳು.

“ಏನೇ ದುಫಿ, ರಾತ್ರಿ ಕದ್ದು ಬಾಳೆಹಣ್ಣು ಎಣ್ಣೇಲಿ ಕರಿದು ತಿಂದ್ಯಾ? ಮೊದ್ಲು ಬಾಯಿ ಒರೆಸ್ಕೊ!” ಎಂದು ಅಕ್ಕ ಇಡೀ ವಠಾರಕ್ಕೆ ಕೇಳುವಂತೆ ಕೂಗುತ್ತಿದ್ದಳು.

ಗೆದ್ದ ಗರ್ವಕ್ಕೆ, ಮರಗೆಣಸು ಬಾಳೆಕಾಯಿ ಬೇಯಿಸಿ ಕುಟ್ಟಿದ ಫುಫುವಿನ ಉಂಡೆ ಎರಡೆರಡು ಇಳಿಸುತ್ತಿದ್ದಳು. ಅದಾದರೂ ಹಾಳಾಗಿ ಹೋಗಲಿ. ಯಾರದೋ ಸಾವಿಗೆ ಹಾಕಿಕೊಂಡು ಹೋದ ಹೊಸ ಕರಿ ಚಪ್ಪಲಿ ಕಚ್ಚಿ ಅವಳ ಬಲಗಾಲಲ್ಲಿ ಹುಣ್ಣಾಗಿತ್ತು. ಮಾಯುವ ಲಕ್ಷಣವೇ ಇಲ್ಲ. ಆಸ್ಪತ್ರೆ ಎಂದರೆ ನನ್ನ ಮೇಲೇ ಹರಿಹಾಯುತ್ತಿದ್ದಳು.

“ಐದು ಬರೋ ಮೈಗೆ ಆಸ್ಪತ್ರೆ ಯಾಕೆ ಕಣೇ? ತಾನಾಗೇ ಒಣಗುತ್ತೆ, ಸುಮ್ನಿರು.”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು. ಇಂಥದೇ ಹುಣ್ಣಿನಿಂದ ನಮ್ಮ ಅಮ್ಮನ ಕಾಲನ್ನು ಮಂಡಿಯವರೆಗೆ ಕತ್ತರಿಸಿದ್ದರು.

ಒಂದು ಬೆಳಿಗ್ಗೆ, ದಿನಾ ಊರ ಸುದ್ದಿ ಸಾರುವ ಬೀದಿ ಕಂಬದ ಮೈಕು ಸತ್ತವರ ಹೆಸರು ಹೇಳಿ ಮುಗಿಸಿ, ನಮ್ಮ ಮಷಿನ್ನಿನ ಹೆಸರು ಹೇಳಿತು. ಕಂಪನಿಯವರು ಅದನ್ನು ವಾಪಸ್ ಕೇಳುತ್ತಿದ್ದಾರೆ. ಸಕ್ಕರೆ ತೀರಾ ಏರಿದವರಿಗೆ ಅದು ಕಡಿಮೆ ತೋರಿಸುತ್ತದೆ. ಯಾರೂ ನಂಬಬೇಡಿ, ಔಷಧಿ ಅಂಗಡಿಗೆ ತನ್ನಿ, ಹೊಸದು ಕೊಡುತ್ತಾರೆ.

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿತು.

“ಏನ್ ನೋಡ್ತೀರಾ? ನಾನು ಗೆದ್ರೆ ಮಷಿನ್ನೇ ಕೆಟ್ಟೋಯ್ತಾ? ಹೊಟ್ಟೆಕಿಚ್ಚು ನಿಮ್ಗೆ!” ಎಂದವಳೇ ಮಷಿನ್ನನ್ನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡಳು.

ನಾನು ಬೇಡಿಕೊಂಡೆ, ಬೈದೆ, ಅತ್ತೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

“ಬಿಡೇ ಅವಳನ್ನ. ಸೋಲೋಕೆ ಹೆದರ್ತಾಳೆ,” ಎಂದಳು ದುಫಿ.

“ಯಾರು, ನಾನಾ?”

“ಹಂಗಾದ್ರೆ ಬಾ ಅಂಗಡಿಗೆ. ಹೊಸ ಮಷಿನ್‌ನಲ್ಲಿ ಒಂದೇ ಆಟ. ನೀನು ಗೆದ್ರೆ ಇನ್ಮೇಲೆ ನಿನ್ನ ಫುಫು ನಾನೇ ಕುಟ್ಟಿ ಕೊಡ್ತೀನಿ.”

ಅಕ್ಕ ಕುಂಟುತ್ತಲೇ ಮುಂದೆ ನಡೆದಳು.

ಹೊಸ ಮಷಿನ್‌ನಲ್ಲೂ ದುಫಿಗೆ ಒಂಬತ್ತೇ ಬಂತು. ಅಕ್ಕನಿಗೆ ಇಪ್ಪತ್ತೇಳು. ಅಂಗಡಿಯವಳು ಬೇರೊಂದು ಬೆರಳು ಚುಚ್ಚಿ ಇನ್ನೊಮ್ಮೆ ನೋಡಿದಳು. ಆಗಲೂ ಅಷ್ಟೇ. ಆಮೇಲೆ ಅವಳು ಬಗ್ಗಿ ಕಾಲಿನ ಬಟ್ಟೆ ಬಿಚ್ಚಿದಳು. ವಾಸನೆ ನಮ್ಮೆಲ್ಲರಿಗೂ ಬಡಿಯಿತು.

“ಮನೆಗೆ ಹೋಗ್ಬೇಡಿ. ಹಿಂಗೇ ಆಸ್ಪತ್ರೆಗೆ ಕರ್ಕೊಂಡು ಹೋಗಿ,” ಎಂದಳು ಅಂಗಡಿಯವಳು.

ಅಕ್ಕ ನನ್ನನ್ನು ನೋಡಲಿಲ್ಲ, ದುಫಿಯನ್ನು ನೋಡಿದಳು.

“ನಗು. ಗೆದ್ದಿದ್ದೀಯಲ್ಲ, ನಗು.”

“ಕಾಲು ಉಳೀಲಿ ಕಣೆ. ಆಮೇಲೆ ಹೊಟ್ಟೆ ತುಂಬ ನಗ್ತೀನಿ,” ಎಂದ ದುಫಿ ಟ್ಯಾಕ್ಸಿ ಕೂಗಲು ಬೀದಿಗೆ ಓಡಿದಳು.

ಡಾಕ್ಟರು ಕಾಲಿನ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲವಂತೆ.

ಮೂರನೇ ದಿನ ದುಫಿ ಮೀನಿನ ಸಾರು ಹಿಡಿದು ಬಂದಳು. ಬ್ಯಾಂಡೇಜು ಕಂಡದ್ದೇ ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟಳು. ಸಾರಿನ ಪಾತ್ರೆ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು.

“ಯಾಕೆ ಅಲ್ಲೇ ನಿಂತೆ?” ಅಕ್ಕ ಮಂಚದ ಮೇಲಿಂದಲೇ ಗದರಿದಳು. “ಕಾಲು ಇದೆ, ಬಂದು ನೋಡು. ಮಾತು ಕೊಟ್ಟಿದ್ದೀಯಾ, ನಗು!”