ಕುಸಿದ ನೆತ್ತಿ ಕೇಳುವುದು ನೀರು

ಹದಿನಾರು ದಿನದಿಂದ ಆ ಮನೆಯ ಅಂಗಳದ ಹಗ್ಗದಲ್ಲಿ ಮಗುವಿನ ಬಟ್ಟೆ ಒಣಗುತ್ತಲೇ ಇತ್ತು. ಯೆಸೇನಿಯಾಗೆ ಹದಿಮೂರು ತಿಂಗಳು. ಭೇದಿ ನಿಲ್ಲುತ್ತಿಲ್ಲ. ಹೊಂಡುರಾಸಿನ ನಮ್ಮ ಬೆಟ್ಟದೂರಿಗೆ ನಾನೇ ಆರೋಗ್ಯ ಕಾರ್ಯಕರ್ತೆ, ಆದರೂ ಯಾರೂ ಕರೆಯಲಿಲ್ಲ. ಕೊನೆಗೆ ನಾನೇ ಹೋದೆ.

ಅಜ್ಜಿ ತೋಮಾಸಾ ಮೊಮ್ಮಗಳ ಕಾಲು ಹಿಡಿದು, ತಲೆಕೆಳಗಾಗಿ ಎತ್ತಿ ಅಂಗಾಲಿಗೆ ತಟ್ಟುತ್ತಿದ್ದರು. ತಾಯಿ ಡೆಲ್ಮಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

“ಅಜ್ಜೀ, ಮೊದ್ಲು ಮಗೂನ ಇಳಿಸಿ!” ಎಂದೆ.

“ನೆತ್ತಿ ಕುಸಿದುಬಿಟ್ಟಿದೆ ಕಣೇ ರೇನಾ. ಹೀಗೆ ತಟ್ಟಿದ್ರೆ ಮೇಲಕ್ಕೆ ಬರುತ್ತೆ. ನೀನು ಹುಟ್ಟೋಕೆ ಮುಂಚಿಂದ ಮಾಡ್ತಾ ಇದೀನಿ, ನನಗೇ ಪಾಠ ಹೇಳ್ಬೇಡ.”

ಸಿಟ್ಟು ಬಂತು, ನುಂಗಿಕೊಂಡೆ. ಮಗುವನ್ನು ಮಡಿಲಿಗೆ ತೆಗೆದುಕೊಂಡು ನೋಡಿದೆ. ನೆತ್ತಿ ತಗ್ಗಾಗಿತ್ತು, ಕಣ್ಣು ಗುಳಿಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಬೇಗ ಹೋಗಲಿಲ್ಲ.

“ನೀವು ಕಂಡಿದ್ದು ಸರಿ ಅಜ್ಜಿ, ನೆತ್ತಿ ಕುಸಿದಿದೆ. ಆದ್ರೆ ನೆತ್ತಿ ಕುಸಿದು ಭೇದಿ ಆಗಿದ್ದಲ್ಲ. ಭೇದಿ ಆಗಿ, ಮೈಯಲ್ಲಿನ ನೀರೆಲ್ಲ ಹೋಗಿ ನೆತ್ತಿ ಕುಸಿದಿದೆ. ತಲೆಕೆಳಗು ಹಿಡಿದ್ರೆ ನೀರು ಎಲ್ಲಿಂದ ಬರುತ್ತೆ? ತಿನ್ನೋಕೆ ಏನು ಕೊಡ್ತಿದೀರಿ?”

“ದಾಲ್ಚಿನ್ನಿ ಕಷಾಯ, ಅಷ್ಟೇ. ಹೊಟ್ಟೆಗೆ ಬಿಡುವು ಕೊಡೋಣ ಅಂತ ಮೂರು ದಿನದಿಂದ ಮೊಲೆಹಾಲೂ ನಿಲ್ಲಿಸಿದೀವಿ ಅಕ್ಕ,” ಎಂದಳು ಡೆಲ್ಮಿ.

“ಹಂಗಾದ್ರೆ ನೀವೂ ಮೂರು ದಿನ ಬರೀ ಕಷಾಯ ಕುಡ್ಕೊಂಡು ಕಾಫಿ ಬಿಡಿಸೋಕೆ ಹೋಗಿ, ನೋಡೋಣ!”

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಪೂರ್ತಿ ಬೆರೆಸಿ, ಚಮಚದಲ್ಲಿ ಕುಡಿಸಿದೆ. ಮಗು ವಾಂತಿ ಮಾಡಿತು. “ನೋಡ್ದ್ಯಾ?” ಎಂದರು ಅಜ್ಜಿ. ನಾನು ಬಿಡಲಿಲ್ಲ. ಹತ್ತು ನಿಮಿಷ ಕಾದು, ಇನ್ನೂ ನಿಧಾನವಾಗಿ ಕುಡಿಸಿದೆ. ಈ ಸಲ ಒಳಗೆ ನಿಂತಿತು.

“ಎರಡು ವಾರ ದಾಟಿದ ಭೇದಿ ಇದು, ಮನೇಲಿ ಇಟ್ಕೊಳ್ಳೋ ಹಂಗಿಲ್ಲ. ಕಾಫಿ ಮೂಟೆ ಒಯ್ಯೋ ಪಿಕಪ್ ಗಾಡಿ ಹೊರಡ್ತಿದೆ, ಆಸ್ಪತ್ರೆಗೆ ಹೋಗೋಣ ನಡಿ ಡೆಲ್ಮಿ. ದಾರಿಯಲ್ಲಿ ಎದೆಹಾಲೂ ಕೊಡು, ಈ ನೀರೂ ಕುಡಿಸು.”

ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಅತ್ತೆಗೆ ಎದುರಾಡಿ ಗೊತ್ತಿಲ್ಲದ ಡೆಲ್ಮಿ ಮಗುವನ್ನು ಎದೆಗವುಚಿಕೊಂಡಳು.

“ದಾರಿ ಬಿಡಿ ಅತ್ತೆ. ಇಷ್ಟು ದಿನ ನಿಮ್ಮ ಮಾತು ಕೇಳಿದೆ. ಇವತ್ತು ಕೇಳಲ್ಲ.”

ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು, ಭೇದಿ ನಿಂತಿತು. ಮನೆಗೆ ಬಂದ ಮೇಲೂ ಕೊಟ್ಟ ಜಿಂಕ್ ಮಾತ್ರೆಗಳನ್ನು ಡೆಲ್ಮಿ ಬಿಡದೆ ಮುಗಿಸಿದಳು. ನಾನು ನೋಡಲು ಹೋದಾಗ, ಹುರುಳಿಕಾಯಿ ಬೀಜ ಬೇಯಿಸಿ ನುಣ್ಣಗೆ ಕಿವುಚಿ ಅಜ್ಜಿಯೇ ತಿನ್ನಿಸುತ್ತಿದ್ದರು. ನನ್ನ ಮುಖ ನೋಡದೆ ಹೇಳಿದರು:

“ನನ್ನ ಎರಡನೇ ಮಗಳ ನೆತ್ತಿಯೂ ಹೀಗೇ ಕುಸಿದಿತ್ತು. ತಟ್ಟಿದೆ, ತಟ್ಟಿದೆ... ನೀರು ಕುಡಿಸು ಅಂತ ಒಬ್ರೂ ಹೇಳ್ಲಿಲ್ಲ ರೇನಾ.”

ತಾಯಂದಿರೇ, ಅಜ್ಜಿಯರೇ, ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ. ಭೇದಿ ಶುರುವಾದ ದಿನವೇ ಓಆರ್‌ಎಸ್ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ನೆತ್ತಿ ಕುಸಿದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಕುಡಿಯದೆ ಮಂಕಾದರೆ, ಇಲ್ಲವೇ ಎರಡು ವಾರವಾದರೂ ಭೇದಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಯಾರಾದರೂ ಬಾಗಿಲಿಗೆ ಅಡ್ಡ ನಿಂತರೂ ಹೊರಡಿ.