ಬಾಗಿಲ ಹಿಂದಿನ ಬೆಲ್ಟು

ಈ ಚಾಕು ನನ್ನ ಮಾನ ಕಳೆಯಲೆಂದೇ ಹಟ ಹಿಡಿದು ಕೂತಿತ್ತು. ನಾಲ್ಕು ಬೆರಳುದ್ದದ ಅಲಗು, ಕೊಂಬಿನ ಹಿಡಿ, ಮುಷ್ಟಿಯಲ್ಲಿ ಹಿಡಿದರೆ ಅರ್ಧ ಮರೆಯಾಗುತ್ತದೆ. ಇಷ್ಟು ವರ್ಷ ಇದರಲ್ಲಿ ಮೊಲ ಸುಲಿದಿದ್ದೇನೆ, ಹಗ್ಗ ಕೊಯ್ದಿದ್ದೇನೆ, ಹೆಂಡತಿಯ ಕಣ್ಣು ತಪ್ಪಿಸಿ ಈರುಳ್ಳಿಯನ್ನೂ ಹೆಚ್ಚಿದ್ದೇನೆ. ಒಂದು ದಿನವೂ ಕೈಕೊಟ್ಟದ್ದಿಲ್ಲ. ಈಗ ನೋಡಿದರೆ ಬೆಳಿಗ್ಗೆ ಸಾಣೆ ಹಿಡಿದದ್ದು ಮಧ್ಯಾಹ್ನಕ್ಕೆ ಬೆಣ್ಣೆ ಕೊಯ್ಯುವುದಕ್ಕೂ ಲಾಯಕ್ಕಿಲ್ಲ.

ಲಾರಿ ಗ್ಯಾರೇಜಿನಲ್ಲಿ ತಲೆ ನೆರೆತವನು ನಾನು. ಗೇರು ಬಾಕ್ಸಿನ ಸದ್ದು ಕೇಳಿ ಯಾವ ಹಲ್ಲು ಸವೆದಿದೆ ಎಂದು ಹೇಳುವವನಿಗೆ ಒಂದು ಅಂಗೈಯಗಲದ ಚಾಕು ನೀರು ಕುಡಿಸುತ್ತಿತ್ತು. ಕಲ್ಲು ಬದಲಾಯಿಸಿದೆ. ಎಣ್ಣೆ ಬದಲಾಯಿಸಿದೆ. ನೀರಿನಲ್ಲಿ ಉಜ್ಜಿದೆ. ಉಜ್ಜಿದ ಮೇಲೆ ಕಾಗದ ಸೀಳಿಕೊಂಡು ಹೋಗುತ್ತಿತ್ತು, ಎರಡು ಸಲ ಹಗ್ಗಕ್ಕೆ ತಾಗಿಸಿದರೆ ಮುಗಿಯಿತು ಅದರ ಶೌರ್ಯ.

ಇಂಥ ಕಬ್ಬಿಣ ಇದ್ದಕ್ಕಿದ್ದಂತೆ ಮೆತ್ತಗಾಗಬೇಕಾದರೆ ಯಾರೋ ಅದನ್ನು ಬೆಂಕಿಗೆ ಇಟ್ಟಿರಬೇಕು. ಆ 'ಯಾರೋ' ಯಾರು? ನನ್ನ ಮನೆಗೆ ಬರುತ್ತಿದ್ದವನು ಒಬ್ಬನೇ, ನನ್ನ ಬಾಮೈದ.

ಅವನು ಹೆಂಡತಿಯ ತಮ್ಮ. ಕ್ಷೌರದ ಅಂಗಡಿ ಇಟ್ಟುಕೊಂಡವನು, ಮದುವೆಯ ಗೊಡವೆಗೆ ಹೋದವನಲ್ಲ. ಅಕ್ಕ ತೀರಿಹೋದ ಮೇಲೂ ಅವನ ಬರುವಿಕೆ ನಿಲ್ಲಲಿಲ್ಲ. ಭಾನುವಾರ ಇಬ್ಬರೂ ಗುಡ್ಡದ ಕಡೆ ಮೊಲಕ್ಕೆ ಹೋಗುತ್ತಿದ್ದೆವು. ಹಿಂದಿನ ಸಂಜೆ ನಾನು ಕಲ್ಲಿಗೆ ಚಾಕು ಉಜ್ಜಿ ಮೇಜಿನ ಮೇಲಿಡುವುದು, ಅವನು ಅದನ್ನೆತ್ತಿಕೊಂಡು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ನನ್ನ ಹಳೇ ಬೆಲ್ಟಿಗೆ ಪಟ್ ಪಟ್ ಎಂದು ಎಳೆಯುತ್ತಾ ಊರಿನ ಸುದ್ದಿಯೆಲ್ಲ ಹೇಳುವುದು.

"ಏನೋ, ಮೊಲಕ್ಕೆ ಗಡ್ಡ ಹೆರೀತೀಯಾ?" ಎಂದು ರೇಗಿಸುತ್ತಿದ್ದೆ.

"ನಿಮಗಿಂತ ಅದೇ ವಾಸಿ ಭಾವಾ, ಅಲ್ಲಾಡದೆ ಕೂತಿರುತ್ತೆ," ಅನ್ನುತ್ತಿದ್ದ.

ಅಂಥವನ ಮೇಲೆ ಅನುಮಾನ ಬಂತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು ಊರಿಗೇ ಗೊತ್ತು. ನೇರ ಅಂಗಡಿಗೆ ನುಗ್ಗಿದೆ. ಗಿರಾಕಿಗಳಿರಲಿಲ್ಲ. ಬಾಮೈದ ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕನ್ನಡಿ ನೋಡುತ್ತಿದ್ದ. ಚಾಕುವನ್ನು ಅವನ ಮುಂದೆ ಎಸೆದೆ.

"ನಿಜ ಹೇಳು. ಬೆಂಕಿಗೆ ಇಟ್ಯಾ ಇದನ್ನ?"

"ನಾನು ಅದನ್ನ ಮುಟ್ಟೇ ಇಲ್ಲ ಭಾವಾ. ಎಷ್ಟೋ ದಿನ ಆಯ್ತು."

"ಸುಳ್ಳು ಬೇರೆ ಹೇಳ್ತೀಯಾ?"

ಬಾಯಿಗೆ ಬಂದಂತೆ ಬೈದೆ. ಅವನು ಜೇಬಿನಿಂದ ಕೈ ಸಹ ತೆಗೆಯಲಿಲ್ಲ. ಆ ಸೊಕ್ಕು ನೋಡಿ ಮೈಯೆಲ್ಲ ಉರಿಯಿತು. ಇನ್ನು ನನ್ನ ಮನೆ ಕಡೆ ತಲೆ ಹಾಕಬೇಡ ಎಂದು ಹೇಳಿ ಬಂದೆ. ಪುಣ್ಯಾತ್ಮ, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ.

ಮೊದಮೊದಲು ಹಾಯೆನಿಸಿತು. ಆಮೇಲೆ ಮನೆ ದೊಡ್ಡದಾಗತೊಡಗಿತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಹಜಾರಕ್ಕೆ ಕೇಳುತ್ತಿತ್ತು. ಗ್ಯಾರೇಜಿನಲ್ಲಿ ಏನಾದರೂ ತಮಾಷೆ ನಡೆದರೆ ಸಂಜೆ ಅವನಿಗೆ ಹೇಳಬೇಕು ಎಂದುಕೊಳ್ಳುತ್ತಿದ್ದೆ, ಮನೆಗೆ ಬಂದು ಬೀಗ ತೆಗೆಯುವಾಗ ನೆನಪಾಗುತ್ತಿತ್ತು. ಅವನೇ ಬರಲಿ ಎಂದು ನಾನು ಬಿಗಿದುಕೊಂಡು ಕೂತಿದ್ದೆ. ಅಕ್ಕನ ಗಂಡ ತಾನೇ ನಾನು, ನಾನೇಕೆ ಸೋಲಲಿ?

ಒಂದು ಭಾನುವಾರ ಒಬ್ಬನೇ ಗುಡ್ಡಕ್ಕೆ ಹೋದೆ. ಒಂದು ಮೊಲ ಸಿಕ್ಕಿತು. ಬಂಡೆಯ ಮೇಲಿಟ್ಟು ಸುಲಿಯಲು ಕೂತರೆ ಚಾಕು ಅರ್ಧಕ್ಕೇ ಕೈಯೆತ್ತಿತು. ಚರ್ಮ ಹರಿಯುತ್ತದೆಯೇ ಹೊರತು ಬಿಡಿಸಿಕೊಳ್ಳುತ್ತಿಲ್ಲ. ಪಕ್ಕದಲ್ಲಿ ನಗುವವರಾದರೂ ಇದ್ದಿದ್ದರೆ ನಾನೂ ನಗುತ್ತಿದ್ದೆನೇನೋ. ಮೊಲವನ್ನು ಚೀಲಕ್ಕೆ ತುರುಕಿ ಮನೆಗೆ ಬಂದೆ.

ಬಂದವನೇ ಮತ್ತೆ ಕಲ್ಲಿಗೆ ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ ಬಾಮೈದನ ಮೇಲಿನ ಸಿಟ್ಟು ನೆತ್ತಿಗೇರಿತು. ಎದ್ದು ಬಾಗಿಲ ಹಿಂದಿನ ಬೆಲ್ಟನ್ನು ಎಳೆದು ಹಿಡಿದು, ಕತ್ತು ಓರೆ ಮಾಡಿ, ಅವನದೇ ರಾಗದಲ್ಲಿ "ಕೇಳಿದ್ರಾ ಭಾವಾ, ಮೂಲೆ ಮನೆಯೋರು ಕಾರು ತಗೊಂಡ್ರಂತೆ" ಎಂದು ಅಣಕಿಸುತ್ತಾ ಪಟ್ ಪಟ್ ಎಳೆದೆ. ಖಾಲಿ ಮನೆಯಲ್ಲಿ ನನ್ನ ಅಣಕ ನನಗೇ ಕೇಳಿಸಿತು. ನಾಚಿಕೆಯಾಗಿ ನಿಲ್ಲಿಸಿದೆ.

ಬೆಲ್ಟಿನ ಮೇಲೆ ಎಳೆ ಎಳೆಯಾಗಿ ಏನೋ ಹೊಳೆಯುತ್ತಿತ್ತು. ಬೆಳಕಿಗೆ ಹಿಡಿದೆ. ಕೂದಲಿಗಿಂತ ಸಣ್ಣ ಕಬ್ಬಿಣ. ಕಲ್ಲಿಗೆ ಉಜ್ಜಿದಾಗ ಚಾಕುವಿನ ಬಾಯಿಗೆ ಅಂಟಿಕೊಂಡೇ ಉಳಿಯುವ ಪುಡಿಯಂಚು ಅದು. ಮುಟ್ಟಿದರೆ ಹರಿತ ಎನಿಸುತ್ತದೆ, ಎರಡು ಸಲ ಕೊಯ್ದರೆ ಮಡಚಿಕೊಂಡು ಬಿಡುತ್ತದೆ. ನಾನು ಇಷ್ಟು ದಿನ ಹರಿತವೆಂದು ಬೀಗುತ್ತಿದ್ದದ್ದು ಅದನ್ನೇ. ಬೆಲ್ಟಿಗೆ ಎಳೆದಾಗ ಅದು ಕಳಚಿಕೊಂಡು, ಕೆಳಗಿನ ನಿಜವಾದ ಅಂಚು ಹೊರಬಿದ್ದಿತ್ತು. ಹಗ್ಗ ಕೊಯ್ದೆ. ಹಳೇ ಟ್ಯೂಬು ಕೊಯ್ದೆ. ರಟ್ಟಿನ ಪೆಟ್ಟಿಗೆಯನ್ನು ಚೂರು ಚೂರು ಮಾಡಿದೆ. ಆಮೇಲೂ ಚಾಕು ಮುಂಗೈ ಕೂದಲನ್ನು ಹೆರೆದುಕೊಂಡು ಹೋಯಿತು.

ಅಯ್ಯೋ ಮಂಕೇ ಎಂದು ಹಣೆ ಚಚ್ಚಿಕೊಂಡೆ. ಅಷ್ಟು ವರ್ಷ ನನ್ನ ಚಾಕುವಿನ ಹರಿತ ನಿಂತದ್ದು ಅವನ ಕೈಯಿಂದ.

ಹಾಗಾದರೆ ಅವನು ಎಳೆಯುವುದನ್ನು ನಿಲ್ಲಿಸಿದ್ದೇಕೆ? ಮುಟ್ಟೇ ಇಲ್ಲ ಅಂದಿದ್ದನಲ್ಲ. ಒಂದೊಂದೇ ನೆನಪಾಗತೊಡಗಿತು. ಕೊನೆಕೊನೆಗೆ ಬಂದರೂ ಬೆಲ್ಟಿನ ಹತ್ತಿರ ಹೋಗದೆ ಕೂತಲ್ಲೇ ಸುದ್ದಿ ಹೇಳುತ್ತಿದ್ದ, ನಾನು ಗಮನಿಸಿರಲಿಲ್ಲ. ಕಾಫಿ ಕೊಟ್ಟರೆ "ಅರ್ಧ ಲೋಟ ಸಾಕು ಭಾವಾ" ಅನ್ನುತ್ತಿದ್ದ. ಆ ಅರ್ಧ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದ. ಕೇಳಿದರೆ ಚಳಿ ಎಂದಿದ್ದ. ಜೇಬಿನಲ್ಲಿಟ್ಟ ಕೈ. ಗಿರಾಕಿಗಳಿಲ್ಲದ ಅಂಗಡಿ.

ಬೆಲ್ಟು, ಚಾಕು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಅಂಗಡಿಯ ಬಾಗಿಲು ಎಳೆದಿತ್ತು. ಮೇಲೆ ಅವನು ವಾಸವಿದ್ದ ಕೋಣೆಯ ಬಾಗಿಲು ತಟ್ಟಿದೆ. ಬಾಮೈದ ತೆರೆದ. ಊರಿಗೆಲ್ಲ ನುಣ್ಣಗೆ ಗಡ್ಡ ಹೆರೆದವನ ಮುಖದ ತುಂಬ ಕುರುಚಲು, ಕೆನ್ನೆಯ ಮೇಲೆ ಎರಡು ಕಡೆ ಗಾಯ. ಕೈಗಳು ಬೆನ್ನ ಹಿಂದೆ.

"ಬನ್ನಿ ಭಾವಾ," ಅಂದ, ನಿನ್ನೆ ತಾನೇ ಬಂದು ಹೋದವನಿಗೆ ಅನ್ನುವಂತೆ.

"ಯಾಕೋ ಹೇಳ್ಲಿಲ್ಲ ನಂಗೆ?"

ಅವನಿಗೆ ಅರ್ಥವಾಯಿತು. "ಏನಂತ ಹೇಳ್ಲಿ? ಕ್ಷೌರದೋನ ಕೈ ನಡುಗುತ್ತೆ ಅಂದ್ರೆ ಯಾರು ಕತ್ತು ಕೊಡ್ತಾರೆ? ನಿಮಗೆ ಹೇಳಿದ್ರೆ ನಗಾಡ್ತಿದ್ರಿ."

"ನಗಾಡ್ತಿದ್ದೆ," ಅಂದೆ. ಅದು ನಿಜ. ಕ್ಷಮಿಸು ಅನ್ನುವ ಮಾತು ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ, ಅವತ್ತೂ ಹುಟ್ಟಲಿಲ್ಲ. ಬೆಲ್ಟನ್ನು ಅವನ ಬಾಗಿಲ ಚಿಲಕಕ್ಕೆ ಸಿಕ್ಕಿಸಿದೆ.

"ಈ ದರಿದ್ರ ಚಾಕುವಿನ ಹರಿತ ಇನ್ನೂ ನಿಲ್ತಾ ಇಲ್ಲ ಕಣೋ. ಎಳೆಯೋದು ಹೆಂಗೆ, ಹೇಳ್ಕೊಡು."

ಬೇಕೆಂದೇ ಚಾಕುವಿನ ಬಾಯಿ ಮುಂದೆ ಮಾಡಿ ಬೆಲ್ಟಿಗೆ ಇಟ್ಟೆ.

"ಅಯ್ಯಯ್ಯೋ! ಬೆನ್ನು ಮುಂದೆ ಭಾವಾ, ಬೆನ್ನು! ಬೆಲ್ಟು ಕೊಯ್ದು ಹಾಕ್ತೀರಾ!" ಎಂದು ಧಾವಿಸಿದವನ ಕೈಗಳು ಬೆನ್ನ ಹಿಂದಿನಿಂದ ಹೊರಗೆ ಬಂದವು. ನನ್ನ ಮುಂಗೈ ಹಿಡಿದು ಚಾಕುವನ್ನು ತಿರುಗಿಸಿ ಎಳೆಸಿದ. ಅವನ ನಡುಕ ನನ್ನ ಕೈಗೂ ಬಂತು, ಅಲಗು ಬೆಲ್ಟಿನ ಮೇಲೆ ತಟತಟ ಎಂದಿತು. ಆ ಸದ್ದು ಇಬ್ಬರಿಗೂ ಕೇಳಿಸಿತು. ಅವನು ಕೈ ಹಿಂದಕ್ಕೆ ತೆಗೆಯಲು ಹೋದ.

ನಾನು ಇನ್ನೊಂದು ಕೈಯಿಂದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ತಡಿಯೋ," ಅಂದೆ. "ನಂಗಿನ್ನೂ ಬಂದಿಲ್ಲ. ಇನ್ನೊಂದ್ಸಲ ಮಾಡ್ಸು."